ನನ್ನ ಬೆಂಚಿನ ಮೇಲೆ ಇನ್ನೊಬ್ಬಳು

ಕೊಪ್ಪಳದ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದಾಗ, ಮೊದಲ ಸೆಮಿಸ್ಟರು ಮುಗಿಯುವ ಹೊತ್ತಿಗೆ ನಮ್ಮನ್ನೆಲ್ಲ ಒಂದು ದಿನ ದೊಡ್ಡ ಹಾಲಿಗೆ ಕರೆಸಿದರು. ಕೊರೋನಾ ಕಾಲದಲ್ಲಿ ಫೋನಿನಲ್ಲಿ ಪಾಠ ಮಾಡಿ ರೂಢಿಯಾಗಿದ್ದ ನಮ್ಮ ಮೇಡಂ ಅದನ್ನೇ ಬೇರೆ ರೀತಿಯಲ್ಲಿ ಮುಂದುವರಿಸಬೇಕೆಂದಿದ್ದರು. ಬರುವವರು ಕ್ಲಾಸಿಗೆ ಬರಲಿ, ಬರಲಾಗದವರು ಮನೆಯಿಂದಲೇ ಫೋನಿನಲ್ಲಿ ಕೂಡಿಕೊಳ್ಳಲಿ, ಇಬ್ಬರಿಗೂ ಹಾಜರಿ ಸಿಗಲಿ ಎಂಬುದು ಅವರ ಯೋಚನೆ. “ಇದು ನಿಮಗ ಬೇಕೋ ಬ್ಯಾಡೋ, ನೀವ ಹೇಳ್ರಿ,” ಎಂದು ಮೈಕನ್ನು ನಮ್ಮ ಕಡೆ ಚಾಚಿದರು.

ಮೊದಲು ಎದ್ದವಳು ನಾನು.

ಆಗ ನಾನು ಯಲಬುರ್ಗಾದಲ್ಲಿ ಅಣ್ಣನ ಮನೆಯಲ್ಲಿದ್ದೆ. ಅಪ್ಪ, ಅವ್ವ ಮಂಗಳೂರಿನಲ್ಲಿ ಹೊಲ ನೋಡಿಕೊಂಡಿದ್ದರು. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಅಣ್ಣನಿಗೆ ಕಿರಾಣಿ ಅಂಗಡಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕೊಪ್ಪಳದ ಬಸ್ಸು ಹತ್ತಿದರೆ ಕುಕನೂರಿನವರೆಗೂ ನಿಂತೇ ಹೋಗಬೇಕು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಬಾಗಿಲಲ್ಲಿ ಕಾಲಿಡಲು ಜಾಗ ಸಿಕ್ಕರೆ ಅದೇ ಪುಣ್ಯ. ಮಳೆ ಹೊಡೆದ ದಿನ, ಮನೆಗೆ ನೆಂಟರು ಬಂದ ದಿನ, ಡ್ರೈವರು ನಿಲ್ಲಿಸದೇ ಹೋದ ದಿನ ಕ್ಲಾಸು ತಪ್ಪುತ್ತಿತ್ತು. ಅದನ್ನೆಲ್ಲ ಮೈಕಿನಲ್ಲಿ ಹೇಳಿದೆ.

“ಬಸ್ ತಪ್ಪಿದ್ರ ಪಾಠಾನೂ ತಪ್ಪಬೇಕು ಅನ್ನೂದು ಯಾವ ನ್ಯಾಯರಿ ಮೇಡಂ? ನಮ್ಮ ಅನುಕೂಲ ನಮಗ ಬಿಡ್ರಿ. ಬರೂದು ಬಿಡೂದು ನಾವ ಆರಿಸ್ಕೋತೀವಿ.”

ಹಾಲ್ ತುಂಬ ಚಪ್ಪಾಳೆ ಬಿತ್ತು. ಹಿಂದಿನಿಂದ ಯಾರೋ ಶಿಳ್ಳೆಯನ್ನೂ ಹಾಕಿದರು. ನಾನು ಕೂರುವ ಮೊದಲೇ ನನ್ನ ಪಕ್ಕದಲ್ಲಿದ್ದ ಗೆಳತಿ ಎದ್ದು ಮೈಕು ತೆಗೆದುಕೊಂಡಳು. ಅವಳು ಗಿಣಿಗೇರಾದವಳು. ಕ್ಲಾಸಿನಲ್ಲಿ ಕಿಟಕಿ ಕಡೆಯ ಎರಡನೇ ಬೆಂಚಿನಲ್ಲಿ ಮೊದಲ ದಿನ ಅಕಸ್ಮಾತ್ತಾಗಿ ಜೊತೆಗೆ ಕುಳಿತ ನಾವು ಆಮೇಲೆ ಬೇರೆ ಕಡೆ ಕುಳಿತೇ ಇರಲಿಲ್ಲ. ಅವಳ ಬುತ್ತಿಯ ಪುಂಡಿಪಲ್ಯ ನನ್ನದು, ನನ್ನ ಬುತ್ತಿಯ ಶೇಂಗಾ ಚಟ್ನಿ ಅವಳದು.

“ನಂಗ ಬ್ಯಾಡ್ರಿ ಮೇಡಂ,” ಎಂದಳು. “ನಮ್ಮದು ಎರಡು ಖೋಲಿ ಮನಿ. ನಮ್ಮಪ್ಪ ಫ್ಯಾಕ್ಟರಿಯಾಗ ರಾತ್ರಿ ಪಾಳಿ ಮುಗಿಸಿ ಬಂದು ಹಗಲೊತ್ತು ಮಲಗಿರ್ತಾನ. ಅವನ ತಲಿ ಹತ್ರ ಫೋನ್ ಹಚ್ಕೊಂಡು ನಾ ಏನು ಕೇಳ್ಲಿ? ನಂಗ ಕ್ಲಾಸ್ ಅಂದ್ರ ಈ ಬೆಂಚ.”

ಅವಳಿಗೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊರಗೆ ಬಂದ ಮೇಲೆ ಅವಳು ನನ್ನ ಮೇಲೆ ಸಿಟ್ಟಾಗಿದ್ದಳು.

“ನೀ ಬರೂದು ಬಿಟ್ರ ನನ್ನ ಬಾಜೂಕ ಯಾರು?”

“ನಾ ಎಲ್ಲಿ ಬಿಡ್ತೀನಿ? ಬಸ್ ತಪ್ಪಿದ ದಿನ ಅಷ್ಟ,” ಎಂದೆ. ನಾನು ಅದನ್ನು ನಂಬಿಯೇ ಹೇಳಿದ್ದೆ.

ಅಂದು ಸಂಜೆ ಚಹಾ ಕುಡಿಯುವಾಗ ಅಣ್ಣನಿಗೂ ವೈನಿಗೂ ಸುದ್ದಿ ಹೇಳಿದೆ. ಅಣ್ಣನ ಹೆಂಡತಿಗೆ ನಮ್ಮಲ್ಲಿ ವೈನಿ ಅನ್ನುತ್ತೇವೆ. ಸಭೆಯಲ್ಲಿ ಸಿಕ್ಕ ಚಪ್ಪಾಳೆಯ ಬಗ್ಗೆಯೂ ಹೇಳಿದೆ. ವೈನಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತಿದ್ದರು. ನಾನು ಮಾತು ಮುಗಿಸಿದ ಮೇಲೆ ಅಣ್ಣನ ಮುಖ ನೋಡಿ, “ಮತ್ತ ದಿನಾ ಬಸ್ಸಿನ್ಯಾಗ ಯಾಕ ಒದ್ದಾಡಬೇಕು? ಮನ್ಯಾಗ ಕುಂತ ಕೇಳ್ಲಿ. ನನಗೂ ಈ ಕೂಸಿನ ಕೈಯಾಗ ಆಗವಲ್ದು,” ಎಂದರು.

“ಖರೇ ಅದು,” ಎಂದ ಅಣ್ಣ. “ಪರೀಕ್ಷಾಕ್ಕ ಹೋದ್ರ ಆತು, ತಂಗಿ.”

ಅಷ್ಟೇ. ಯಾರೂ ಬೈಯಲಿಲ್ಲ, ಓದು ಬಿಡು ಅನ್ನಲಿಲ್ಲ. ಜಗಳ ಆಡಬೇಕೆಂದರೆ ಎದುರಿಗೆ ಒಂದು ಒರಟು ಮಾತಾದರೂ ಬೇಕಲ್ಲ. ಸಭೆಯಲ್ಲಿ ನಾನೇ ಆಡಿದ್ದ ‘ನಮ್ಮ ಅನುಕೂಲ’ ಎಂಬ ಮಾತು ಯಲಬುರ್ಗಾ ತಲುಪುವಷ್ಟರಲ್ಲಿ ಮನೆಯವರ ಅನುಕೂಲವಾಗಿತ್ತು.

ಹೀಗೆ ಎರಡನೇ ಸೆಮಿಸ್ಟರು ಅಡುಗೆಮನೆಯಲ್ಲಿ ಶುರುವಾಯಿತು. ಜೋಳದ ಹಿಟ್ಟಿನ ಡಬ್ಬಿಗೆ ಫೋನನ್ನು ಆನಿಸಿ ನಿಲ್ಲಿಸುತ್ತಿದ್ದೆ. ಕಿವಿಯಲ್ಲಿ ಪಾಠ, ಕೈಯಲ್ಲಿ ಬಿಡಿಸುವ ಶೇಂಗಾ, ಸೆರಗಿಗೆ ಜೋತುಬಿದ್ದ ಕೂಸು. ಅತ್ತ ಕ್ಲಾಸಿನಲ್ಲಿ ಒಂದು ಫೋನನ್ನು ಹಿಂದಿನ ಬೆಂಚಿನ ಹತ್ತಿರ ಸ್ಟ್ಯಾಂಡಿಗೆ ಸಿಕ್ಕಿಸಿ ಬೋರ್ಡಿನ ಕಡೆ ತಿರುಗಿಸಿರುತ್ತಿದ್ದರು. ಅದರಲ್ಲಿ ಬೋರ್ಡಿನ ಅರ್ಧ, ಮೇಡಂ ಅವರ ಒಂದು ಭುಜ, ಮತ್ತು ಎಡಗಡೆ ತುದಿಯಲ್ಲಿ ನನ್ನ ಗೆಳತಿಯ ಜಡೆ ಕಾಣುತ್ತಿತ್ತು. ಮೊದಲ ವಾರ ಅವಳು ನಡುನಡುವೆ ತಿರುಗಿ ನನಗಾಗಿ ಬೆರಳು ಅಲ್ಲಾಡಿಸುತ್ತಿದ್ದಳು. ನಾನೂ ಇಲ್ಲಿ ಸೌಟು ಅಲ್ಲಾಡಿಸುತ್ತಿದ್ದೆ. ಅದು ಅವಳಿಗೆ ಕಾಣುತ್ತಿರಲಿಲ್ಲ.

ಮುಂದೆ ಸ್ವಲ್ಪ ದಿನಕ್ಕೆ ಆ ಜಡೆಯ ಪಕ್ಕದಲ್ಲಿ ಇನ್ನೊಂದು ಜಡೆ ಬಂದಿತು.

ಅದು ದಪ್ಪ ಜಡೆ. ದಿನಾ ಕನಕಾಂಬರ ಮುಡಿದಿರುತ್ತಿತ್ತು. ಗಂಗಾವತಿಯ ಹುಡುಗಿಯಂತೆ, ಬೇರೆ ಕಾಲೇಜಿನಿಂದ ವರ್ಗ ಮಾಡಿಸಿಕೊಂಡು ಬಂದಳಂತೆ, ಆಂಧ್ರದವರು ಬಂದು ನೆಲೆಸಿದ ಕಾಲುವೆ ಕಡೆಯ ಕ್ಯಾಂಪಿನಲ್ಲಿ ಅವರದು ಭತ್ತದ ಗದ್ದೆಯಂತೆ. ಇಷ್ಟನ್ನೂ ಗೆಳತಿ ಒಂದೇ ವಾಯ್ಸ್ ಮೆಸೇಜಿನಲ್ಲಿ ಖುಷಿಯಿಂದ ಹೇಳಿದಳು. “ಭಾಳ ಛಲೋ ಹುಡುಗಿ ಅದಾಳ,” ಎಂಬುದು ಅದರ ಕೊನೆಯ ಮಾತು. ಆ ಮೆಸೇಜನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ‘ಭಾಳ’ ಎಂಬಲ್ಲಿ ಅವಳು ದನಿ ಎಳೆದಿದ್ದಾಳೆ ಅನ್ನಿಸಿತು.

ಅಂದಿನಿಂದ ನನಗೆ ಪಾಠಕ್ಕಿಂತ ಆ ಎರಡು ಜಡೆಗಳೇ ಮುಖ್ಯವಾದವು. ಅವು ಹತ್ತಿರ ಬಂದರೆ ಏನೋ ಪಿಸುಗುಟ್ಟುತ್ತಿದ್ದಾರೆಂದು ಅರ್ಥ. ಎರಡೂ ಒಟ್ಟಿಗೆ ಅಲುಗಿದರೆ ನಗುತ್ತಿದ್ದಾರೆ. ಕೆಲವೊಮ್ಮೆ ಇಡೀ ಕ್ಲಾಸು ಗೊಳ್ಳೆಂದು ನಗುತ್ತಿತ್ತು. ಯಾಕೆಂದು ನನಗೆ ಗೊತ್ತಾಗುತ್ತಿರಲಿಲ್ಲ. ಯಾರೋ ಬಾಗಿಲಲ್ಲಿ ಎಡವಿದರೋ, ಮೇಡಂ ಮುಖದಲ್ಲಿ ಏನಾದರೂ ಮಾಡಿದರೋ. ನಗು ನಿಂತ ಮೇಲೆ ಮೇಡಂ ಫೋನಿನ ಕಡೆ ಬಗ್ಗಿ, “ಆನ್‌ಲೈನ್‌ನವರಿಗೆ ಕೇಳಾಕತ್ತೈತಿಲ್ರಿ?” ಅನ್ನುವರು. ಕೇಳುತ್ತಿತ್ತು. ಅದೇ ಕಷ್ಟ, ಎಲ್ಲ ಕೇಳುತ್ತಿತ್ತು.

ಆ ಗಂಗಾವತಿ ಹುಡುಗಿ ತೆಲುಗು ಮನೆಯವಳಾದ್ದರಿಂದ ಮಾತಿಗೊಮ್ಮೆ “ಅವುನಾ?” ಅನ್ನುತ್ತಿದ್ದಳು, ‘ಹೌದಾ’ ಅಂತ. ಒಂದು ದಿನ ನಾನು ಗೆಳತಿಗೆ ಫೋನು ಮಾಡಿ, ನಮ್ಮ ಕೂಸು ಬಸ್ಸಿನ ಚಿತ್ರ ನೋಡಿ ನನ್ನ ನೆನಪಾಗಿ ‘ಅತ್ತಿ’ ಅಂದಿತು ಎಂದು ಹೇಳಿದೆ. ಅತ್ತ ಕಡೆಯಿಂದ ಅವಳು “ಅವುನಾ?” ಎಂದಳು. ಇನ್ನೊಬ್ಬಳ ಮಾತು ಅವಳ ಬಾಯಿಗೆ ಹತ್ತಿಬಿಟ್ಟಿತ್ತು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಫೋನಿಟ್ಟೆ.

ಹೊಟ್ಟೆಕಿಚ್ಚಿಗೆ ಒಂದು ಕಡೆ ದಾರಿ ಸಿಕ್ಕರೆ ಅದು ಎಲ್ಲ ಕಡೆ ಹರಿಯುತ್ತದೆ. ನನ್ನ ಹಾಗೆಯೇ ಮನೆಯಿಂದ ಕೂಡಿಕೊಳ್ಳುತ್ತಿದ್ದ ಕುಷ್ಟಗಿಯ ಒಬ್ಬಾಕೆ ಇದ್ದರು. ಅವರಿಗೆ ಮಹಡಿಯ ಮೇಲೆ ಸ್ವಂತ ಖೋಲಿ, ಬೆನ್ನ ಹಿಂದೆ ಪುಸ್ತಕದ ಕಪಾಟು. ಒಮ್ಮೆ ಕ್ಲಾಸು ನಡೆಯುವಾಗ ಅವರ ಗಂಡ ಚಹಾ ತಂದಿಟ್ಟು ಸದ್ದಿಲ್ಲದೆ ಬಾಗಿಲು ಮುಚ್ಚಿಕೊಂಡು ಹೋದದ್ದು ಕಾಣಿಸಿತು. ಆ ಮುಚ್ಚಿದ ಬಾಗಿಲನ್ನು ನೋಡಿ ಅವರ ಮೇಲೂ ಉರಿದುಕೊಂಡೆ. ಗೆಳತಿ ಸ್ಟೇಟಸ್ ಹಾಕಿದರೆ ಬೆರಳಿನಿಂದ ಹಿಗ್ಗಿಸಿ ನೋಡುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಇಬ್ಬರೂ ಮಿರ್ಚಿ ಮಂಡಾಳು ತಿನ್ನುತ್ತಿರುವ ಫೋಟೊ ಬಂದ ದಿನ, “ಎಣ್ಣಿ ಪದಾರ್ಥ ಜಾಸ್ತಿ ತಿನ್ನಬ್ಯಾಡ, ಗಂಟಲ ಕೆಡತೈತಿ,” ಎಂದು ಬರೆದು ಕಳಿಸಿದೆ. ಅವಳು, “ನೀನೂ ಬಾ,” ಎಂದಷ್ಟೇ ಬರೆದಳು.

ನನ್ನ ಇಯರ್‌ಫೋನು ಕೆಟ್ಟದ್ದು ಆ ದಿನಗಳಲ್ಲೇ. ಬೇರೆ ತರುವವರೆಗೆ ಪಾಠವನ್ನು ಜೋರಾಗಿಯೇ ಹಾಕಿಕೊಂಡೆ. ಅಂದು ಕುಟುಂಬ ವ್ಯವಸ್ಥೆಯ ಪಾಠ. ವೈನಿ ನನ್ನ ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದರು. “ಅವಿಭಕ್ತ ಕುಟುಂಬದಲ್ಲಿ ಕೆಲಸವನ್ನು ಎಲ್ಲ ಸದಸ್ಯರೂ ಹಂಚಿಕೊಳ್ಳುತ್ತಾರೆ,” ಎಂದರು ಮೇಡಂ ಪುಸ್ತಕದ ಕನ್ನಡದಲ್ಲಿ.

“ಯಾರ ಮನ್ಯಾಗಂತ ಕೇಳು ಅಕಿನ್ನ,” ಎಂದರು ವೈನಿ, ರೊಟ್ಟಿಯನ್ನು ಹಂಚಿಗೆ ಹಾಕುತ್ತ.

ನನ್ನ ಮೈಕು ಆನ್ ಇತ್ತು. ಹಾಜರಿ ಹೇಳಿದ ಮೇಲೆ ಬಂದ್ ಮಾಡುವುದನ್ನೇ ಮರೆತಿದ್ದೆ. ಅತ್ತ ಇಡೀ ಕ್ಲಾಸು ನಕ್ಕಿತು. ಮೇಡಂ ನಗುತ್ತಲೇ ಫೋನಿನ ಹತ್ತಿರ ಬಂದು, “ಯಾರ್ರೀ ಅದು? ಇವತ್ತಿನ ಚರ್ಚೆಗೆ ಇದ ಪ್ರಶ್ನಿ ಇರ್ಲಿ,” ಎಂದರು. ವೈನಿ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡರು. ಮುಖವೆಲ್ಲ ಹಿಟ್ಟಾಯಿತು. ನಾಚಿಕೆಯ ಹಿಂದೆ ಅವರ ಕಣ್ಣಲ್ಲಿ ಒಂದು ಖುಷಿ ಇದ್ದದ್ದನ್ನು ನಾನು ನೋಡಿದೆ.

ಮಾರನೆಯ ದಿನದಿಂದ ಗೆಳತಿ, “ನಿಮ್ಮ ವೈನಿ ಇವತ್ತ ಏನಂದ್ರ?” ಎಂದು ಕೇಳತೊಡಗಿದಳು. ಗಂಗಾವತಿ ಹುಡುಗಿಯೂ ಕೇಳುತ್ತಾಳೆಂದಳು. ನಾನು ಕ್ಲಾಸಿನಲ್ಲಿ ಎಷ್ಟು ಸಲ ಮಾತಾಡಿದ್ದೆ; ನನ್ನ ಒಂದು ಮಾತಿಗೂ ಆ ಕೋಣೆ ಹಾಗೆ ನಕ್ಕಿರಲಿಲ್ಲ. ವೈನಿ ಕ್ಲಾಸಿನ ಮುಖವನ್ನೇ ಕಂಡವರಲ್ಲ, ಆದರೂ ಅಲ್ಲಿ ಅವರಿಗೆ ಒಂದು ಜಾಗ ಸಿಕ್ಕಿತ್ತು. ಹೊಸ ಇಯರ್‌ಫೋನು ಬಂದ ದಿನ ಬೇಕೆಂದೇ ಅದನ್ನು ಹಾಕಿಕೊಂಡೆ. ವೈನಿ ಸುಮ್ಮನೆ ಒಮ್ಮೆ ನನ್ನ ಕಿವಿಯ ಕಡೆ ನೋಡಿ ಪಾತ್ರೆ ತೊಳೆಯಲು ಹೋದರು.

ಸೆಮಿಸ್ಟರಿನ ನಡುವೆ ಮೇಡಂ ಮತ್ತೆ ಸಭೆ ಕರೆದರು. ಈ ಪದ್ಧತಿ ಹೇಗೆ ನಡೆದಿದೆ, ಹೀಗೇ ಇರಲೋ ಬದಲಿಸಲೋ ಎಂದು ಕೇಳಲು. ಸಾಧ್ಯವಾದವರು ಖುದ್ದಾಗಿ ಬನ್ನಿ ಎಂದಿದ್ದರು. ಅಣ್ಣ, “ಹೋಗಿ ಬಾ,” ಎಂದ. ಬಸ್ಸಿನಲ್ಲಿ ನಿಂತು ಹೋಗುವಾಗ ಯಾರೋ ಕಾಲು ತುಳಿದರೂ ನನಗೆ ಸಿಟ್ಟು ಬರಲಿಲ್ಲ.

ಕ್ಲಾಸಿಗೆ ಹೋದಾಗ ಕಿಟಕಿಯ ಪಕ್ಕ, ನನ್ನ ಜಾಗದಲ್ಲಿ ಆ ಗಂಗಾವತಿ ಹುಡುಗಿ ಕುಳಿತಿದ್ದಳು. ನನ್ನನ್ನು ನೋಡಿದ ಕೂಡಲೇ ಎದ್ದಳು.

“ಕುಂದ್ರಿ, ಇದು ನಿಮ್ಮ ಜಾಗ. ಇಕಿ ದಿನಾ ಹೇಳ್ತಾಳ.”

ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ಹಾಗಿರಲಿಲ್ಲ. ಮೂವರೂ ಒತ್ತಿಕೊಂಡು ಒಂದೇ ಬೆಂಚಿನಲ್ಲಿ ಕುಳಿತೆವು. ಮಧ್ಯಾಹ್ನ ಅವಳು ತಂದಿದ್ದ ಪುಳಿಹೋರ ಎಂಬ ಹುಣಸೆಹುಳಿಯ ಅನ್ನವನ್ನು ನನಗೇ ಮೊದಲು ಬಡಿಸಿದಳು. ರುಚಿಯಾಗಿಯೂ ಇತ್ತು. ಉಣ್ಣುವಾಗ ಅವರಿಬ್ಬರೂ “ಛತ್ರಿ” ಎಂದು ನಕ್ಕರು. ಯಾಕೆಂದು ಕೇಳಿದೆ. ಗೆಳತಿ ವಿವರಿಸಿದಳು: ಯಾರೋ ಸರ್ ಒಬ್ಬರು ಮಳೆಯಿಲ್ಲದ ದಿನ ಛತ್ರಿ ಹಿಡಿದು ಬಂದದ್ದು, ಅದು ಬಾಗಿಲಲ್ಲಿ ಸಿಕ್ಕಿಕೊಂಡದ್ದು. ವಿವರಿಸುತ್ತ ಹೋದಂತೆ ಅವಳಿಗೇ ಅದರಲ್ಲಿ ನಗು ಉಳಿಯಲಿಲ್ಲ. “ನೀ ಇದ್ದಿದ್ರ ಗೊತ್ತಾಗ್ತಿತ್ತು,” ಎಂದಳು. ನಾನೂ ನಕ್ಕಂತೆ ಮಾಡಿದೆ. ಆ ಒಂದು ಛತ್ರಿಗಾಗಿ ನಾನು ಪಟ್ಟ ಹೊಟ್ಟೆಯುರಿ ಇನ್ನಾವುದಕ್ಕೂ ಪಟ್ಟಿಲ್ಲ.

ಸಭೆಯಲ್ಲಿ ಈ ಸಲವೂ ನಾನು ಎದ್ದೆ.

“ವಾರದಾಗ ಮೂರು ದಿನಾ ಕ್ಲಾಸಿಗೆ ಬರಾಕಬೇಕು ಅಂತ ಕಾಲೇಜ ಕಡ್ಡಾಯ ಮಾಡ್ಲಿ ಮೇಡಂ. ಇಲ್ಲಂದ್ರ ಮನ್ಯಾಗ ಬಿಡವಲ್ರು.”

“ಹೋದ ಸಲ ಬರೂದು ಬಿಡೂದು ನಮಗ ಬಿಡ್ರಿ ಅಂದಾಕಿ ನೀವ ಅಲ್ಲೇನ್ರಿ?” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲ ನಕ್ಕರು. ನಾನು ಕೂರಲಿಲ್ಲ.

ಗೋಡೆಯ ಪರದೆಯ ಮೇಲೆ ಆನ್‌ಲೈನಿನವರ ಚೌಕಗಳಿದ್ದವು. ಅದರಲ್ಲೊಂದು ಚೌಕದಿಂದ ಫ್ಯಾಕ್ಟರಿಯ ಅಂಗಿ ತೊಟ್ಟಿದ್ದ ಒಬ್ಬಾತ ಮಾತಾಡಿದ. ನಮ್ಮ ಕ್ಲಾಸಿನವನೇ, ಆದರೆ ಮೊದಲ ಸೆಮಿಸ್ಟರಿನಲ್ಲಿ ಬಂದವನಲ್ಲ, ಆನ್‌ಲೈನಿನಲ್ಲಿ ಮುಖ ತೋರಿಸಿದವನೂ ಅಲ್ಲ; ಅವನನ್ನು ನಾನು ನೋಡಿದ್ದು ಅದೇ ಮೊದಲು.

“ಅಕ್ಕಾರ, ನಾ ಪಾಳಿ ಮ್ಯಾಲೆ ದುಡಿಯಾಂವ. ಪಾಳಿ ಬಿಟ್ಟು ಬಂದು, ಮುಖಾ ತೊಳ್ಕೊಂಡು ಕ್ಲಾಸ್ ಕೇಳ್ತೀನಿ. ಕಡ್ಡಾಯ ಮಾಡಿದ್ರ ನನ್ನ ಓದು ಇಲ್ಲಿಗೆ ಮುಗೀತು. ನಿಮ್ಮನ್ನ ಬಿಡವಲ್ರು ಅಂದ್ರ ಅದು ನಿಮ್ಮ ಮನಿ ಮಾತು. ಅದಕ್ಕ ನನ್ನ ಕಾಲಿಗ್ಯಾಕ ಹಗ್ಗಾ ಹಾಕ್ತೀರಿ?”

ಅವನ ಮೇಲೂ ನನಗೆ ಅಸೂಯೆಯೇ ಬಂದಿತು. ಅವನು ತಾನಾಗಿ ಆರಿಸಿಕೊಂಡಿದ್ದ. ಕಷ್ಟದ್ದೇ ಆಗಲಿ, ಅದು ಅವನ ದಾರಿಯಾಗಿತ್ತು. ಅವನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆಗ ನನ್ನ ಗೆಳತಿ ಕೂತಲ್ಲಿಂದಲೇ ಹೇಳಿದಳು:

“ಅಣ್ಣಾರ, ನೀವು ಹೇಳೂದು ಖರೇ ಐತ್ರಿ. ಆದ್ರ ಹೆಣ್ಣುಮಕ್ಕಳಿಗೆ ಆರಿಸ್ಕೋರಿ ಅಂದ್ರ, ಆರಿಸೋರು ಬ್ಯಾರೇರ ಇರ್ತಾರ್ರಿ.”

ಮೇಡಂ ಎಲ್ಲರ ಮಾತನ್ನೂ ಬರೆದುಕೊಂಡು, ಕಡ್ಡಾಯ ಮಾಡಲು ಬರುವುದಿಲ್ಲ, ಈಗಿದ್ದಂತೆಯೇ ಇರುತ್ತದೆ ಎಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಕಾಲೇಜಿನ ಬಾಗಲಾ ದಿನಾ ತಗದ ಇರ್ತೈತಿ. ನಿಮ್ಮ ಮನಿ ಬಾಗಲಾ ನಾ ಬಂದು ಹೆಂಗ ತಗೀಲಿ? ನೀನ ಕೇಳು,” ಎಂದರು.

ಮನೆಗೆ ಬಂದಾಗ ವೈನಿ ಸಂಜೆಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು. ಕೂಸು ಮಲಗಿತ್ತು. ಬ್ಯಾಗನ್ನು ಇಳಿಸದೆ ಬಾಗಿಲಲ್ಲೇ ನಿಂತು ಹೇಳಿದೆ.

“ವೈನಿ, ನಾ ನಾಳಿಂದ ಕಾಲೇಜಿಗೆ ಹೋಗ್ತೀನ್ರಿ.”

“ಯಾಕ, ಫೋನ್ ಕೆಟ್ಟೈತೇನು?”

“ಇಲ್ರಿ. ಅಲ್ಲಿ ಕುಂತವರನ್ನ ನೋಡಿ ನಂಗ ಹೊಟ್ಟಿ ಉರೀತೈತಿ.”

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಕೇಳಬೇಕೆಂದಿದ್ದ ದೊಡ್ಡ ದೊಡ್ಡ ಮಾತುಗಳನ್ನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಇದು. ವೈನಿ ನಗುತ್ತಾರೆಂದುಕೊಂಡೆ. ಅವರು ಹಿಟ್ಟಿನ ಮೇಲಿನ ಕೈ ನಿಲ್ಲಿಸಿದರು.

“ಗೊತ್ತೈತಿ ನಂಗ ಆ ಉರಿ,” ಎಂದರು. “ನೀ ಮುಂಜಾನೆ ಎಣ್ಣಿ ಹಚ್ಚಿ ತಲಿ ಬಾಚ್ಕೊಂಡು, ಬ್ಯಾಗ ಹಾಕ್ಕೊಂಡು ಹೊಂಟಿ ಅಂದ್ರ, ನನಗೂ ಹಂಗ ಆಗ್ತಿತ್ತು. ಪಿಯುಸಿ ಪಾಸಾದ ವರ್ಷನ ನನ್ನ ಲಗ್ನಾ ಮಾಡಿದ್ರು. ಅವತ್ತು ಮನ್ಯಾಗ ಕುಂತ ಕೇಳ್ಲಿ ಅಂದೆನಲಾ, ಕೂಸು ಒಂದು ನೆವ.”

ನನಗೆ ಸಿಟ್ಟು ಬರಬೇಕಾಗಿತ್ತು. ಸ್ವಲ್ಪ ಬಂದಿತು ಕೂಡ. ಆದರೆ ಇಷ್ಟು ದಿನ ನಾನು ಒಬ್ಬಳೇ ಹೊತ್ತುಕೊಂಡಿದ್ದೇನೆ ಅಂದುಕೊಂಡಿದ್ದನ್ನು ಅದೇ ಅಡುಗೆಮನೆಯಲ್ಲಿ ಇನ್ನೊಬ್ಬರೂ ಹೊತ್ತುಕೊಂಡಿದ್ದರಲ್ಲ ಎನ್ನಿಸಿ, ಸಿಟ್ಟು ನಿಲ್ಲಲಿಲ್ಲ.

“ಹಂಗಾರ ಈಗ ಕಳಸ್ತೀರಿಲ್ರಿ?” ಎಂದೆ.

“ನೀ ಹೋದ್ರ ನನ್ನ ಕ್ಲಾಸ್ ತಪ್ಪತೈತಲಾ,” ಎಂದರು ವೈನಿ. ಚೇಷ್ಟೆಯಲ್ಲ, ನಿಜವಾಗಿಯೂ ಅದೇ ಅವರ ಚಿಂತೆಯಾಗಿತ್ತು. “ಹಂಗ ನೋಡಿದ್ರ, ನೀ ಅದನ್ನ ಕಿವ್ಯಾಗ ಹಾಕ್ಕೊಂಡ ಮ್ಯಾಲೇನ ಅದು ಹೋತು.”

ಅಣ್ಣನಿಗೆ ಅಂದು ವೈನಿಯೇ ಹೇಳಿದರು: “ವಾರದಾಗ ಮೂರು ದಿನಾ ಅಕಿ ಹೋಗ್ಲಿ, ಕೂಸನ್ನ ನಾ ನೋಡ್ಕೋತೀನಿ.” ಅಣ್ಣ ಇಬ್ಬರ ಮುಖವನ್ನೂ ನೋಡಿ, ಇದರಲ್ಲಿ ಏನೋ ಇದೆ ಅಂದುಕೊಂಡವನಂತೆ, “ಆತು ಬಿಡ್ರಿ,” ಎಂದು ಅಂಗಡಿಗೆ ಹೋದ. ಮೇಡಂ ಅವರನ್ನು ಕೇಳಿದಾಗ ಅವರು ನಕ್ಕು ವೈನಿಯ ಫೋನಿಗೂ ಲಿಂಕ್ ಕಳಿಸಲು ಒಪ್ಪಿದರು. ಹಾಜರಿ ಇಲ್ಲ, ಸುಮ್ಮನೆ ಕೇಳಲಿಕ್ಕೆ.

ಬೆಂಚಿನಲ್ಲಿ ನನಗೆ ಜಾಗವೇನೋ ಸಿಕ್ಕಿತು, ಆದರೆ ಮೂರನೆಯವಳಾಗಿ, ತುದಿಯಲ್ಲಿ. ಗಂಗಾವತಿ ಹುಡುಗಿಯನ್ನು ಇಷ್ಟಪಡದೇ ಇರಲು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ಪರೀಕ್ಷೆಯ ಹಿಂದಿನ ವಾರ ನಾನು ಅವಳ ಊರಿನ ಮನೆಗೂ ಹೋಗಿ ಉಂಡು ಬಂದೆ. ಆದರೂ ಅವರಿಬ್ಬರೂ ನನ್ನನ್ನು ಬಿಟ್ಟು ಒಂದು ಕ್ಷಣ ಕಣ್ಣಲ್ಲಿ ಮಾತಾಡಿಕೊಂಡರೆ ನನ್ನೊಳಗೆ ಏನೋ ಚುರ್ ಅನ್ನುತ್ತಿತ್ತು. ಓದು ಮುಗಿದ ಮೇಲೆ ಅವರಿಬ್ಬರಿಗೂ ಗಂಗಾವತಿಯ ಒಂದೇ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ನನಗೆ ಯಲಬುರ್ಗಾದಲ್ಲಿ. ಅವರ ಸ್ಟಾಫ್‌ರೂಮಿನ ಫೋಟೊಗಳನ್ನು ಈಗಲೂ ಹಿಗ್ಗಿಸಿ ನೋಡುತ್ತೇನೆ.

ವೈನಿ ಹೋದ ವರ್ಷ ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದರು. ಪುಸ್ತಕಗಳು ಮನೆಗೇ ಬರುತ್ತವೆ. ನಡುವೆ ಕೆಲವು ಭಾನುವಾರ ಮಾತ್ರ ಕೊಪ್ಪಳಕ್ಕೆ ಹೋಗಿ ತರಗತಿಯಲ್ಲಿ ಕೂರಬೇಕು. ಮೊದಲ ಭಾನುವಾರ ಅವರನ್ನು ಕಳಿಸಲು ನಾನೂ ಕೂಸೂ ಬಸ್‌ಸ್ಟ್ಯಾಂಡಿಗೆ ಹೋದೆವು. ಕೂಸು ಈಗ ಶಾಲೆಗೆ ಹೋಗುವ ಹುಡುಗಿ. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ವೈನಿ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದವರು ಒಮ್ಮೆ ಕೂಡ ಹಿಂದೆ ನೋಡಲಿಲ್ಲ.

ಮನೆಗೆ ಬಂದು ಅಡುಗೆ ಮಾಡಿದೆ. ಮಧ್ಯಾಹ್ನ ತಡೆಯಲಾರದೆ ಫೋನು ಮಾಡಿದೆ. ಅತ್ತ ಹೆಂಗಸರ ದೊಡ್ಡ ನಗು ಕೇಳುತ್ತಿತ್ತು.

“ಉಣ್ಣಾಕ ಕುಂತೀವಿ,” ಎಂದರು ವೈನಿ ಅವಸರದಲ್ಲಿ. “ಹುಲಿಹೈದರ ಊರಾಕಿ ಒಬ್ಬಾಕಿ ನನ್ನ ಬಾಜೂಕ ಅದಾಳ, ಭಾಳ ನಗಸ್ತಾಳ. ಆಮ್ಯಾಲೆ ಮಾಡ್ತೀನಿ, ಇಡ್ಲೇನು?”

ಫೋನು ಕಟ್ಟಾಯಿತು. ಹುಡುಗಿ ತಟ್ಟೆಯಿಂದ ತಲೆಯೆತ್ತಿ, “ಅತ್ತಿ, ಅವ್ವ ಏನಂದ್ಲು?” ಎಂದು ಕೇಳಿದಳು.

“ಏನಿಲ್ಲವ್ವ, ಅಕಿಗೆ ಪುರುಸೊತ್ತಿಲ್ಲಂತ,” ಎಂದೆ. ಆಮೇಲೆ ಬಹಳ ಹೊತ್ತು, ಆ ಹುಲಿಹೈದರದವಳು ಅಂಥದ್ದೇನು ಹೇಳಿ ನಗಿಸಿರಬಹುದೆಂದು ಯೋಚಿಸುತ್ತ ಕುಳಿತೆ.